ಹಳೇ ಸ್ಲಾಟು, ಹೊಸ ಡ್ರೈವು, ನಮ್ಮತ್ತೆ

"ಲೋಲಾಕ್ಷೀ, ಒಲೆ ಆರಿಸಿ ಬಾ ಇಲ್ಲಿ. ಇತಿಹಾಸ ಆಗ್ತಾ ಇದೆ!"

ನಮ್ಮ ಮನೆಯಲ್ಲಿ ಇತಿಹಾಸ ಆಗುವುದು ನಾನು ಒಗ್ಗರಣೆಗೆ ಸಾಸಿವೆ ಹಾಕಿದ ಹೊತ್ತಿಗೇ. ಮೂವತ್ತೊಂದು ವರ್ಷದಿಂದ ನೋಡುತ್ತಿದ್ದೇನೆ. ನಮ್ಮ ಯಜಮಾನರು ರಂಗಧಾಮಯ್ಯನವರು ಅರಸೀಕೆರೆ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿಕೊಂಡಿದ್ದವರು. ಅವರು ರಿಟೈರ್ ಆದ ಮೇಲೆ ಸಿಗ್ನಲ್ಲುಗಳು ಬಚಾವಾದವು, ನಮ್ಮ ಮನೆ ಸಿಕ್ಕಿಹಾಕಿಕೊಂಡಿತು. ಮಳೆ ಬಂದರೆ ಒಣಗಿದ ಬಟ್ಟೆಯನ್ನು ತಾನೇ ಒಳಗೆ ಎಳೆದುಕೊಳ್ಳುವ ಹಗ್ಗ ಅಂತ ಒಂದು ಮಾಡಿದ್ದರು. ಅದು ಒಂದು ದಿನ ಕಾಂಪೌಂಡಿಗೆ ಒರಗಿಕೊಂಡು ಮಾತಾಡುತ್ತಿದ್ದ ಪಕ್ಕದ ಮನೆ ರುದ್ರಾಣಮ್ಮನನ್ನೂ ಸೆರಗು ಹಿಡಿದು ಎಳೆದುಕೊಂಡಿತ್ತು. ಹಾಗಾಗಿ ಅವರು ಕರೆದ ತಕ್ಷಣ ನಾನು ಓಡುವುದಿಲ್ಲ. ಸಾಸಿವೆ ಸಿಡಿಯುವ ತನಕ ನಿಂತು, ಕರಿಬೇವು ಹಾಕಿ, ಆಮೇಲೆ ಹೋದೆ.

ಇತಿಹಾಸ ಆಗುತ್ತಿದ್ದದ್ದು ಅತ್ತೆಯ ಕೋಣೆಯಲ್ಲಿ. ಗೋಡೆ ಪಕ್ಕ ಅತ್ತೆಯ ಮಂಚ, ಮಂಚಕ್ಕೆ ತಾಗಿದ ಹಾಗೆ ಒಂದು ಮೇಜು, ಮೇಜಿನ ಮೇಲೆ ಹದಿನೈದು ವರ್ಷದ ಹಳೇ ಕಂಪ್ಯೂಟರ್. ಅದರ ಹೊಟ್ಟೆ ಬಿಚ್ಚಿಟ್ಟುಕೊಂಡು ಯಜಮಾನರು ನಿಂತಿದ್ದರು. ಅತ್ತೆ ಮಲಗಿದಲ್ಲಿಂದಲೇ ನೋಡುತ್ತಿದ್ದರು.

ಅತ್ತೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಎಂಬತ್ತೆರಡು ವರ್ಷ. ಹೃದಯ ಸೋತುಹೋಗಿದೆ, ಇನ್ನು ಹತ್ತು ದಿನ, ಮನೆಗೆ ಕರಕೊಂಡು ಹೋಗಿ ಅಂತ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ನಾವು ಮುಚ್ಚಿಡೋಣ ಅಂದುಕೊಂಡರೆ ಅವರೇ ಕೇಳಿಸಿಕೊಂಡಿದ್ದರು. "ಹತ್ತು ದಿನಾನಾ? ಕಾಫಿಪುಡಿ ಇದೆಯೇನೇ ಅಷ್ಟಕ್ಕೆ?" ಅಂದರು. ಆಮೇಲೆ ಗೋಡೆ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರು. "ರಂಗ, ಒಂದು ಸಲ ಕುಸುಮನ್ನ ತೋರಿಸೋ."

ಕುಸುಮ ನನ್ನ ನಾದಿನಿ. ಮದುವೆಯಾದ ವರ್ಷವೇ ಮೊದಲ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅದಾಗಿ ಇಪ್ಪತ್ತೆರಡು ವರ್ಷ. ಅವಳು ನಡೆಯುವುದು, ನಗುವುದು, ಮಾತಾಡುವುದು ಉಳಿದಿದ್ದರೆ ಅದು ಮದುವೆ ವಿಡಿಯೊದಲ್ಲಿ ಮಾತ್ರ. ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುವ ಮೊದಲೇ ಯಜಮಾನರು ಅದನ್ನು ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಈಗ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೂ ಅತ್ತೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕಟಕಟ ಅನ್ನುವುದು, ನಿಂತುಬಿಡುವುದು, ಮತ್ತೆ ಕಟಕಟ ಅನ್ನುವುದು. ವಿಡಿಯೊ ತೆರೆದರೆ ವಾಲಗದವರು ಊದಲು ಕೆನ್ನೆ ಉಬ್ಬಿಸುವ ಹೊತ್ತಿಗೆ ಸ್ತಬ್ಧ. ಕುಸುಮ ಹಸೆಮಣೆಗೆ ಬರುವುದೇ ಇಲ್ಲ.

"ಅದಕ್ಕೇ ಇದು ತಂದಿದೀನಿ," ಅಂತ ಯಜಮಾನರು ಚೂಯಿಂಗ್ ಗಮ್ ಪಟ್ಟಿಯಷ್ಟು ದೊಡ್ಡ ಒಂದು ವಸ್ತು ಎತ್ತಿ ಹಿಡಿದರು. "ಹೊಸ ಎಸ್‌ಎಸ್‌ಡಿ ಡ್ರೈವು. ಒಳಗೆ ತಿರುಗೋದು ಏನೂ ಇಲ್ಲ, ಕಟಕಟ ಇಲ್ಲ. ಇದು ರಾಜಧಾನಿ ಎಕ್ಸ್‌ಪ್ರೆಸ್ ಕಣೇ! ಹಳೇ ಡಿಸ್ಕಿನಲ್ಲಿರೋದೆಲ್ಲ ಇದಕ್ಕೆ ಬಂದುಬಿಟ್ರೆ ಕುಸುಮ ನಿಲ್ಲದೆ ಓಡಾಡ್ತಾಳೆ."

"ಸರಿ, ಹಾಕಿ ಮತ್ತೆ."

"ಹಾಕಿ ಅಂದ್ರೆ ಹಾಕೋಕೆ ಇದೇನು ಮೂಗುಬೊಟ್ಟಾ? ನಮ್ಮ ಬೋರ್ಡು ಹಳೇದು. ಇದರಲ್ಲಿ ಕಾರ್ಡು ಸಿಕ್ಕಿಸೋ ಸ್ಲಾಟು ಹಳೇ ಕಿರಿದಾದ ಮೀಟರ್ ಗೇಜು ಹಳಿ ಇದ್ದ ಹಾಗೆ. ಅಂಗಡಿಯವನು ಏನಂದ ಗೊತ್ತಾ? 'ಸಾರ್, ಸಾದಾ ಅಡಾಪ್ಟರ್ ಕಾರ್ಡಿಗೆ ಸಿಕ್ಕಿಸಿ ಸ್ಲಾಟಿಗೆ ಹಾಕಿ. ಇದರಿಂದ ಕಂಪ್ಯೂಟರ್ ಸ್ಟಾರ್ಟ್ ಆಗಲ್ಲ, ಆದ್ರೆ ಫೈಲ್ ಇಟ್ಕೋಬಹುದು. ಹಳೇ ಸ್ಲಾಟಿನ ವೇಗದಲ್ಲಿ ಓಡುತ್ತೆ, ಸಾಕು' ಅಂದ. ಸಾಕಂತೆ!"

"ಸಾಕಲ್ವಾ?"

"ರಾಜಧಾನಿನ ತಂದು ಪ್ಯಾಸೆಂಜರ್ ಥರ ಓಡಿಸೋದಾ?" ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ಜೇಬಿನಿಂದ ಅಂಗೈಯಗಲದ ಒಂದು ಕಾರ್ಡು ತೆಗೆದರು. ಹಳೇ ಸಿಗ್ನಲ್ಲಿನ ತಾಮ್ರದ ಸುರುಳಿ, ಒಂದು ಕೆಂಪು ದೀಪ, ಒಂದು ಹಸಿರು ದೀಪ. "ಇದು ನಾನು ಮಾಡಿದ್ದು. ವೇಗ ಅನ್ನೋದು ಸುಮ್ಮನೆ ಎಲ್ಲಾ ಕಡೆ ಪೋಲಾಗ್ತಾ ಇದೆ ಕಣೇ. ಫ್ಯಾನ್ ತಿರುಗ್ತಿದೆ, ಗಡಿಯಾರ ಓಡ್ತಿದೆ, ನಿನ್ನ ನಾಲಿಗೆ ಓಡ್ತಿದೆ. ಈ ಕಾರ್ಡು ಅಕ್ಕಪಕ್ಕದಲ್ಲಿರೋದರ ವೇಗ ಒಂದೊಂದು ಚೂರು ಎಳ್ಕೊಂಡು ಸ್ಲಾಟಿಗೆ ಕೊಡುತ್ತೆ."

"ಮೊದಲು ಕುಸುಮನ ಮದುವೆ ಒಂದನ್ನೇ ಕಾಪಿ ಮಾಡಿ. ಮಿಕ್ಕಿದ್ದು ಆಮೇಲೆ."

"ಗಾಡಿ ಅಂದಮೇಲೆ ಒಂದೊಂದೇ ಬೋಗಿ ಬಿಚ್ಚಿ ಕಳಿಸ್ತಾರೇನೆ? ಆಮೇಲೆ ಕಾಪಿ ಅಲ್ಲ. ಒಂದು ಗಾಡಿ ಒಂದೇ ಹೊತ್ತಿಗೆ ಎರಡು ಸ್ಟೇಷನ್ನಲ್ಲಿ ಇರುತ್ತಾ? ಇಲ್ಲಿಂದ ಹೊರಡಬೇಕು, ಅಲ್ಲಿಗೆ ಸೇರಬೇಕು. ಕೊನೇ ಬೋಗಿ ಒಳಗೆ ಬಂದಿದ್ದನ್ನ ಕಣ್ಣಾರೆ ನೋಡಿದ ಮೇಲೆ ಹಸಿರು ದೀಪ, ಲೈನ್ ಕ್ಲಿಯರ್. ಅಲ್ಲೀತನಕ ನಿಲ್ಲಿಸೋ ಹಾಗಿಲ್ಲ. ನಿಲ್ಲಿಸಿದ್ರೆ ಗಾಡಿ ಇಲ್ಲೂ ಇಲ್ಲ, ಅಲ್ಲೂ ಇಲ್ಲ."

ಲೋಕದಲ್ಲಿ ಎಲ್ಲರೂ ಒಂದು ಪ್ರತಿ ಹಳೇ ಕಡೆ ಇಟ್ಟುಕೊಂಡೇ ಇನ್ನೊಂದು ಮಾಡುತ್ತಾರೆ. ನನಗೇ ಗೊತ್ತು. ಆದರೆ ಮೂವತ್ನಾಲ್ಕು ವರ್ಷ ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿ ಬರದ ಹಾಗೆ ನೋಡಿಕೊಂಡ ಮನುಷ್ಯನಿಗೆ ಅದು ತಲೆಗೆ ಹೋಗಲಿಲ್ಲ. ಕಾರ್ಡಿಗೆ ಡ್ರೈವು ಸಿಕ್ಕಿಸಿದರು, ಸ್ಲಾಟಿಗೆ ಕಾರ್ಡು ಒತ್ತಿದರು, ಕರೆಂಟು ಹೋದರೂ ನಿಲ್ಲದ ಹಾಗೆ ಎರಡು ಲಾರಿ ಬ್ಯಾಟರಿ ಕೊಟ್ಟರು, ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು. ಪರದೆಯ ಮೇಲೆ 'ಉಳಿದಿರುವ ಸಮಯ: ನಾಲ್ಕು ಗಂಟೆ' ಅಂತ ಬಂತು.

"ನೋಡಿದ್ಯಾ ಅಮ್ಮ? ಸಂಜೆ ಕಾಫಿ ಹೊತ್ತಿಗೆ ಕುಸುಮ!"

"ಅವಳಿಗೂ ಒಂದು ಲೋಟ ಮಾಡು," ಅಂದರು ಅತ್ತೆ ನನ್ನ ಕಡೆ ನೋಡಿ. ಅವರ ಮುಖದಲ್ಲಿ ಅಂಥ ಗೆಲುವು ನೋಡಿ ಬಹಳ ದಿನ ಆಗಿತ್ತು.

ಮಧ್ಯಾಹ್ನ ಊಟಕ್ಕೆ ಕರೆಯೋಣ ಅಂತ ಹೋದೆ. ಪರದೆ ಮೇಲೆ 'ನಾಲ್ಕು ದಿನ' ಅಂತ ಇತ್ತು. ಸಂಜೆ ಕಾಫಿ ಹೊತ್ತಿಗೆ 'ಇಪ್ಪತ್ತಾರು ದಿನ'.

ಯಜಮಾನರು ತಲೆ ಕೆರೆದುಕೊಳ್ಳುತ್ತಾ ಕೂತಿದ್ದರು. ಫ್ಯಾನಿನ ಮೂರು ರೆಕ್ಕೆಯನ್ನೂ ಎಣಿಸಬಹುದಿತ್ತು. ಗೋಡೆ ಗಡಿಯಾರ ಇನ್ನೂ ಬೆಳಗಿನ ಹನ್ನೊಂದೂವರೆಯಲ್ಲೇ ಇತ್ತು.

"ಅಲ್ಲಾ ರೀ, ಅಕ್ಕಪಕ್ಕದ್ದೆಲ್ಲದರ ವೇಗ ಎಳ್ಕೊಳ್ಳುತ್ತೆ ಅಂದ್ರಿ. ಹಳೇ ಡಿಸ್ಕೂ ಪಕ್ಕದಲ್ಲೇ ಇದೆಯಲ್ಲ?"

ಅವರು ಬಗ್ಗಿ ಹಳೇ ಡಿಸ್ಕಿಗೆ ಕಿವಿ ಇಟ್ಟು ಕೇಳಿದರು.

"ಹೊಸದು ಓಡೋಕೆ ರೆಡಿ ನಿಂತಿದೆ," ಅಂದರು ಕೊನೆಗೆ. "ಹಳೇದು ಕೊಡ್ತಾ ಇಲ್ಲ. ಹೊಸದು ಎಷ್ಟು ಜೋರಾಗಿ ಕೇಳುತ್ತೋ ಹಳೇದು ಅಷ್ಟು ನಿಧಾನ ಆಗ್ತಿದೆ. ಅದೊಂದು ಯೋಚನೆ ಮಾಡಿರಲಿಲ್ಲ."

"ಹತ್ತು ದಿನ ಇರೋರಿಗೆ ಇಪ್ಪತ್ತಾರು ದಿನದ ಗಾಡಿ ಬಿಟ್ರಲ್ರೀ!"

ನಿಲ್ಲಿಸುವ ಹಾಗಿರಲಿಲ್ಲ. ನಿಲ್ಲಿಸಿದರೆ ಕುಸುಮ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಆ ಸಂಜೆ ನಾನು ಅಡುಗೆಮನೆಗೆ ಹೋಗಿ ಕೂತು ಅತ್ತುಬಿಟ್ಟೆ. ಅತ್ತೆಯ ಮೇಲೆ ನನಗೇನು ಅಂಥ ಪ್ರೀತಿ ಅಂತ ಯಾರಾದರೂ ಕೇಳಿದರೆ ಹೇಳಿಬಿಡುತ್ತೇನೆ, ಇತ್ತು. ಮೂವತ್ತೊಂದು ವರ್ಷ ಒಂದೇ ಒಲೆಯ ಮುಂದೆ ಜಗಳಾಡಿದ್ದೆವು.

ಮರುದಿನದಿಂದ ಶುರುವಾಯಿತು. ಅತ್ತೆಯ ಕೋಣೆಗೂ ಅಡುಗೆಮನೆಗೂ ಮಧ್ಯೆ ಒಂದೇ ಗೋಡೆ. ಆ ಗೋಡೆ ಪಕ್ಕದ ಒಲೆಯಲ್ಲಿ ಬೆಳಗ್ಗೆ ಇಟ್ಟ ಹಾಲು ಮಧ್ಯಾಹ್ನಕ್ಕೆ ಉಕ್ಕಲು ಶುರುಮಾಡಿ ಸಂಜೆಗೆ ಉಕ್ಕಿ ಮುಗಿಸಿತು. ಕುಕ್ಕರ್ ಕೂಗಿದರೆ ಸೀಟಿ ಇಪ್ಪತ್ತು ನಿಮಿಷ, ಅದೂ ಎಮ್ಮೆ ಕೂಗಿದ ದನಿಯಲ್ಲಿ. ಬೆಕ್ಕು ಅತ್ತೆಯ ಕಿಟಕಿಯಿಂದ ಒಳಕ್ಕೆ ಹಾರಿತು, ನಾನು ಒಂದು ಸೇರು ಅಕ್ಕಿ ಆರಿಸಿ ಮುಗಿಸಿದರೂ ನೆಲ ಮುಟ್ಟಿರಲಿಲ್ಲ.

ಮನುಷ್ಯರಿಗೆ ಅದು ತಕ್ಷಣ ಹತ್ತುತ್ತಿರಲಿಲ್ಲ, ಚಳಿ ಹತ್ತುವ ಹಾಗೆ ನಿಧಾನವಾಗಿ ಹತ್ತುತ್ತಿತ್ತು. ಕಾಲು ಗಂಟೆಯೊಳಗೆ ಆಚೆ ಬಂದರೆ ಏನೂ ಇಲ್ಲ. ಇದು ಗೊತ್ತಾದದ್ದು ರುದ್ರಾಣಮ್ಮನಿಂದ. ಅವರು ಅತ್ತೆಯನ್ನು ನೋಡಿಕೊಂಡು ಹೋಗೋಣ ಅಂತ ಹತ್ತು ಗಂಟೆಗೆ ಬಂದು, ಕಂಪ್ಯೂಟರ್ ಪಕ್ಕದ ಕುರ್ಚಿಯಲ್ಲಿ ಕೂತು, "ನಮ್ಮ ಸೊಸೆ ಇದ್ದಾಳಲ್ಲಾ" ಅಂತ ಶುರುಮಾಡಿದರು. ನಾನು ಒಳಗೆ ಹೋಗಿ ಬಟ್ಟೆ ಒಗೆದು ಬಂದೆ. ಅವರು 'ಇದ್ದಾಳಲ್ಲಾ'ದ ಕೊನೆಯ ಅಕ್ಷರದಲ್ಲೇ ಬಾಯಿ ತೆರೆದುಕೊಂಡು ಇದ್ದರು. ಸಂಜೆ ಐದಕ್ಕೆ ಅವರ ಗಂಡ ಹುಡುಕಿಕೊಂಡು ಬಂದು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ರುದ್ರಾಣಮ್ಮ ತಾನು ಹತ್ತೇ ನಿಮಿಷ ಕೂತಿದ್ದು ಅಂತ ಇವತ್ತಿಗೂ ವಾದಿಸುತ್ತಾರೆ.

ಐದನೆಯ ದಿನ ಡಾಕ್ಟರ್ ಚೆನ್ನಕೇಶವ ಬಂದರು. ಯಾವಾಗಲೂ ಸ್ಕೂಟರ್ ಆರಿಸದೆ ಒಳಗೆ ಬರುವವರು. ಅತ್ತೆಯ ಕೈ ಹಿಡಿದು ತಮ್ಮ ವಾಚು ನೋಡಿದರು. ಒಂದು ನಿಮಿಷ ಆಯಿತು. ಸ್ಟೆತಾಸ್ಕೋಪು ಇಟ್ಟರು. ಇನ್ನೊಂದು ನಿಮಿಷ ಆಯಿತು. ಕಣ್ಣಿಗೆ ಟಾರ್ಚು ಬಿಟ್ಟರು.

"ಹೋಗಿದ್ದಾರಮ್ಮ," ಅಂದರು. "ನೆಮ್ಮದಿಯಾಗಿ ಹೋಗಿದ್ದಾರೆ."

ನಾನು ಅಳಲು ಶುರುಮಾಡಿದೆ. ಯಜಮಾನರು ಮಂಚದ ಕಾಲು ಹಿಡಿದು ಕೂತವರು ಅಲ್ಲೇ ನಿಧಾನವಾದರು. ನೆಂಟರಿಗೆಲ್ಲ ಫೋನು ಹೋಯಿತು. ತಿಪಟೂರಿನವರು, ಕಡೂರಿನವರು ಹಾರ ಹಿಡಿದು ಬಂದರು. ಚಟ್ಟ ಕಟ್ಟುವ ಮರಿಯಪ್ಪ ಅಂಗಳದಲ್ಲಿ ಕೂತು ಬಿದಿರು ಸೀಳತೊಡಗಿದ. ಅತ್ತೆಗೆ ಹಾರ ಹಾಕಿ, ತಲೆದೆಸೆಯಲ್ಲಿ ದೀಪ ಹಚ್ಚಿದೆವು. ಆ ದೀಪದ ಬತ್ತಿ ಮೂರು ಗಂಟೆಯಾದರೂ ಒಂದು ಕೂದಲೆಳೆಯಷ್ಟೂ ಸುಟ್ಟಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕಡೂರಿನ ದೊಡ್ಡಮ್ಮ ಮೊದಲು ನೋಡಿದ್ದು. "ಏನೇ ಇದು, ಕಣ್ಣು ಮುಚ್ಚಿತ್ತಲ್ಲ?" ಅಂದರು. ಎಲ್ಲರೂ ಬಗ್ಗಿ ನೋಡಿದೆವು. ಅತ್ತೆಯ ರೆಪ್ಪೆ ಮೇಲಕ್ಕೆ ಏಳುತ್ತಿತ್ತು, ನಮ್ಮ ಕಣ್ಣೆದುರಿಗೇ, ಗಂಟೆಯ ಮುಳ್ಳು ಏಳುವ ಹಾಗೆ. ಆಮೇಲೆ ಬಾಯಿ ತೆರೆಯಿತು. "ಕಾ…" ಅಂತ ಒಂದು ದನಿ ಹೊರಟಿತು. ಹುಬ್ಬಳ್ಳಿ ಪ್ಯಾಸೆಂಜರ್ ಗೇಟು ದಾಟಿ ಹೋದ ಮೇಲೆ "…ಫಿ" ಬಂತು. ಆ ಹೊತ್ತಿಗೆ ಕೋಣೆಯಲ್ಲಿ ನಿಧಾನವಾಗದೆ ಉಳಿದವಳು ನಾನೊಬ್ಬಳೇ. ನೆಂಟರೆಲ್ಲ ಆಗಲೇ ಬಸ್ ಸ್ಟ್ಯಾಂಡಿನಲ್ಲಿದ್ದರು.

"ಬಿದಿರು ಸೀಳಿಬಿಟ್ನಲ್ಲ ಅವ್ವ, ಏನ್ ಮಾಡ್ಲಿ?" ಅಂತ ಮರಿಯಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಹಿತ್ತಲಲ್ಲಿ ಅವರೆ ಬಳ್ಳಿಗೆ ಚಪ್ಪರ ಹಾಕು," ಅಂದೆ. ಇನ್ನೇನು ಹೇಳುವುದು?

ಯಜಮಾನರನ್ನು ಆಚೆ ಎಳೆದು ತಂದು ಬಿಸಿಲಿಗೆ ಕೂರಿಸಿದೆ. ಅರ್ಧ ಗಂಟೆಗೆ ಸರಿಹೋದರು. ನಡೆದದ್ದು ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು, ಎದ್ದು ಹೋಗಿ ಅತ್ತೆಯ ನಾಡಿ ಹಿಡಿದು ನಿಂತರು, ಓಡಿ ಬಂದರು. ಮುಖ ಅರಳಿತ್ತು.

"ಲೋಲಾಕ್ಷೀ, ಎರಡೂವರೆ ನಿಮಿಷಕ್ಕೆ ಒಂದು ಸಲ ಹೊಡ್ಕೊಳ್ತಾ ಇದೆ! ನಮಗೆ ಐದು ದಿನ ಆದ್ರೆ ಅಮ್ಮನಿಗೆ ಒಂದು ಗಂಟೆಯೂ ಆಗಿಲ್ಲ. ಡಾಕ್ಟರ್ ಹೇಳಿದ ಹತ್ತು ದಿನ ಇನ್ನೂ ಹಾಗೇ ಇದೆ ಕಣೇ. ಇಪ್ಪತ್ತಾರು ದಿನಕ್ಕೆ ಗಾಡಿ ಬರುತ್ತೆ, ಅಮ್ಮ ನೋಡ್ತಾಳೆ!"

ಅವತ್ತು ನಾವಿಬ್ಬರೂ ಅಂಗಳದಲ್ಲಿ ಕೂತು ನಕ್ಕೆವು. ಅವರ ತಪ್ಪಿನಿಂದಲೇ ಅವರ ತಪ್ಪು ಸರಿಹೋಗಿತ್ತು. ಅಂಥ ಅದೃಷ್ಟ ನಮ್ಮ ಮನೆಗೆ ಹಿಂದೆ ಯಾವತ್ತೂ ಬಂದಿರಲಿಲ್ಲ.

ದಿನ ಕಳೆದವು. ನನ್ನ ಕೆಲಸ ಹೀಗಾಯಿತು. ಬೆಳಗ್ಗೆ ಒಂದು ಚಮಚ ಗಂಜಿ ಅತ್ತೆಯ ಬಾಯಿಗೆ ಹಾಕಬೇಕು. ಅದು ಗಂಟಲು ಇಳಿಯುವುದು ಮಧ್ಯಾಹ್ನಕ್ಕೆ. ಹತ್ತು ನಿಮಿಷ ಕೂರಬೇಕು, ಆಚೆ ಬಂದು ಕೈಕಾಲು ಆಡಿಸಿ ಬಿಸಿಲು ಕಾಯಬೇಕು, ಮತ್ತೆ ಹೋಗಬೇಕು. ಹದಿಮೂರನೆಯ ದಿನ ಅತ್ತೆಗೆ ಒಂದು ಕೆಮ್ಮು ಬಂತು. ಬೆಳಗ್ಗೆ ಎಂಟಕ್ಕೆ ಮುಖ ಕಿವುಚಿತು, ಎದೆ ಮೇಲೆದ್ದಿತು, ಕಣ್ಣಲ್ಲಿ ನೀರು ತುಂಬಿತು. ಹಾಗೆಯೇ ಇತ್ತು, ಹನ್ನೊಂದರ ತನಕ.

"ಅವಳಿಗೆ ಅದು ಒಂದು ನಿಮಿಷ ಅಷ್ಟೇ ಕಣೇ," ಅಂದರು ಯಜಮಾನರು.

"ನೋಡ್ತಾ ಕೂತೋಳು ನಾನು," ಅಂದೆ.

ಇಪ್ಪತ್ನಾಲ್ಕನೆಯ ದಿನ ಪರದೆ ಮೇಲೆ ನೂರಕ್ಕೆ ತೊಂಬತ್ತಾರು ಅಂತ ಇತ್ತು. ಕುಸುಮನ ಮದುವೆ ಆಗಲೇ ಹೊಸ ಡ್ರೈವು ಸೇರಿಯಾಗಿತ್ತು, ನಾನೇ ಹೆಸರು ಓದಿದ್ದೆ. ಮರುದಿನ ನೋಡಿದರೆ ಎಂಬತ್ತೆರಡು. ಅದರ ಮರುದಿನ ಅರವತ್ತೊಂಬತ್ತು.

"ಏನ್ರೀ ಇದು, ಗಾಡಿ ಹಿಂದಕ್ಕೆ ಹೋಗ್ತಿದೆ?"

ಅವರು ನನ್ನ ಮುಖ ನೋಡಲಿಲ್ಲ. ಅವರ ಕೈಯಲ್ಲಿ ಒಂದು ಪೆನ್ ಡ್ರೈವಿತ್ತು. ರೈಲ್ವೆಯ ಹಳೇ ಸರ್ಕ್ಯುಲರ್‌ಗಳು, ಮೊಬೈಲಿಗೆ ಬಂದ ಗುಡ್ ಮಾರ್ನಿಂಗ್ ಚಿತ್ರಗಳು, ರುದ್ರಾಣಮ್ಮನ ಮೊಮ್ಮಗಳ ನಾಮಕರಣದ ಫೋಟೊಗಳು, ಸಿಕ್ಕಿದ್ದನ್ನೆಲ್ಲ ತಂದು ಹಳೇ ಡಿಸ್ಕಿಗೆ ತುಂಬುತ್ತಿದ್ದರು. ಗಾಡಿಯ ಹಿಂದೆ ಬೋಗಿ ಸೇರಿಸುತ್ತಿದ್ದರು.

"ಕೊನೇ ಬೋಗಿ ಬರಕೂಡದು," ಅಂದರು. "ಬಂದ್ರೆ ಕಾರ್ಡು ಎಳ್ಕೊಂಡ ವೇಗಾನೆಲ್ಲ ಒಂದೇ ಸಲ ವಾಪಸ್ ಕೊಡುತ್ತೆ. ತಡವಾದ ಗಾಡಿ ಏನು ಮಾಡುತ್ತೆ? ಓಡಿ ಓಡಿ ಟೈಮ್ ಸರಿ ಮಾಡ್ಕೊಳ್ಳುತ್ತೆ. ಅಮ್ಮನೂ ಹಾಗೇ. ಇಪ್ಪತ್ತಾರು ದಿನ ಬಾಕಿ ಇದೆ ಅವಳ ಮೇಲೆ, ಇರೋದು ಹತ್ತು ದಿನದ ಆಯಸ್ಸು. ಒಂದು ಸಂಜೆಗೆ ಮುಗಿದುಹೋಗುತ್ತೆ ಲೋಲಾಕ್ಷಿ."

"ಹೀಗೇ ಇಟ್ಕೊಂಡು ವಿಡಿಯೊ ತೋರಿಸೋಕಾಗಲ್ವಾ?"

"ಗಾಡಿ ಓಡ್ತಿರೋವಾಗ ತೆರೆಯಲ್ಲ. ತೆರೆದ್ರೂ ಅವಳ ನಿಧಾನಕ್ಕೆ ಮೂರು ಗಂಟೆ ಮದುವೆ ರೆಪ್ಪೆ ಬಡಿಯೋಷ್ಟರಲ್ಲಿ ಹೋಗಿಬಿಡುತ್ತೆ. ಇದ್ರೆ ಹೀಗೇ ಇರಲಿ. ಹತ್ತು ದಿನಾನ ನಾನು ಐದು ವರ್ಷ ಎಳೀತೀನಿ."

"ಯಾರು ಕೇಳಿದ್ರು ಐದು ವರ್ಷ? ಅವರು ಕೇಳಿದ್ದು ಮಗಳನ್ನ, ಆಯಸ್ಸನ್ನಲ್ಲ."

"ನೀನು ಸುಮ್ನಿರು. ನಿಮ್ಮಮ್ಮ ಆಗಿದ್ರೆ ಗೊತ್ತಾಗ್ತಿತ್ತು."

ಆ ಮಾತಿಗೆ ನಾನು ಮೂರು ದಿನ ಅವರ ಜೊತೆ ಮಾತಾಡಲಿಲ್ಲ. ಅನ್ನ ಬಡಿಸಿ ಎದ್ದು ಹೋಗುತ್ತಿದ್ದೆ. ಅವರೂ ಊಟ ಮುಗಿಸಿ ಪೆನ್ ಡ್ರೈವು ತಗೊಂಡು ಹೋಗುತ್ತಿದ್ದರು. ಪರದೆ ಮೇಲೆ ನಲವತ್ತೊಂದು ಆಗಿತ್ತು. ಆ ಮೂರು ದಿನದಲ್ಲೇ ಅತ್ತೆ ಮಾತಾಡಲು ಶುರುಮಾಡಿದ್ದು.

ಮೊದಲ ದಿನ ಬೆಳಗ್ಗೆ ಅತ್ತೆಯ ತುಟಿ ಅಲುಗಿದ್ದು ಕಂಡಿತು. ದನಿ ಎಷ್ಟು ಎಳೆದಿತ್ತೆಂದರೆ ಒಂದೊಂದು ಅಕ್ಷರ ಮುಗಿದದ್ದು ಇನ್ನೊಂದು ಬಂದ ಮೇಲೆಯೇ ತಿಳಿಯುತ್ತಿತ್ತು. ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಪೆನ್ಸಿಲ್ ಹಿಡಿದು ಕೂತೆ. ಒಂದು ಅಕ್ಷರ ಬರೆಯುವುದು, ಆಚೆ ಹೋಗಿ ಬಿಸಿಲಿಗೆ ನಿಲ್ಲುವುದು, ಬಂದು ಮುಂದಿನದಕ್ಕೆ ಕಾಯುವುದು. ಬೆಳಗ್ಗೆಯಿಂದ ಸಂಜೆ ತನಕ ಹದಿನಾಲ್ಕು ಅಕ್ಷರ. ಆಮೇಲೆ ರೆಪ್ಪೆ ಮುಚ್ಚಿಕೊಂಡು ಸುಧಾರಿಸಿಕೊಂಡರು. ಮರುದಿನ ಮತ್ತೆ ಶುರುಮಾಡಿದರು. ಮೂರನೆಯ ದಿನ ಮಧ್ಯಾಹ್ನ ಮಾತು ಮುಗಿಯಿತು. ನಾನು ಹಾಳೆಯನ್ನು ತಂದು ಯಜಮಾನರ ಊಟದ ತಟ್ಟೆಯ ಪಕ್ಕ ಇಟ್ಟೆ.

'ರಂಗ, ಎಷ್ಟು ಹೊತ್ತೋ ಇನ್ನೂ. ಸುಸ್ತಾಗ್ತಿದೆ ಕಣೋ. ಕುಸುಮನ್ನ ತೋರಿಸಿಬಿಡು, ಹೋಗ್ತೀನಿ.'

ಅವರು ಓದಿದರು. ಇನ್ನೊಂದು ಸಲ ಓದಿದರು. ತಟ್ಟೆಯಲ್ಲಿದ್ದ ಅನ್ನ ಹಾಗೇ ಬಿಟ್ಟು ಕೈ ತೊಳೆದು ಎದ್ದರು. ಅತ್ತೆಯ ಕೋಣೆಗೆ ಹೋಗಿ, ತಾವು ತುಂಬಿದ್ದನ್ನೆಲ್ಲ ಒಂದೊಂದಾಗಿ ಅಳಿಸಿದರು. ಸರ್ಕ್ಯುಲರ್ ಹೋಯಿತು, ಗುಡ್ ಮಾರ್ನಿಂಗ್ ಹೋಯಿತು, ನಾಮಕರಣ ಹೋಯಿತು. ಪರದೆ ಮೇಲೆ ತೊಂಬತ್ತೊಂಬತ್ತು ಬಂತು.

"ಇನ್ನೊಂದೇ ಬೋಗಿ," ಅಂದರು. "ನಾಳೆ ಸಂಜೆ ಬರುತ್ತೆ, ಆಗ ಕಾಫಿಗೆ ನೀರಿಡು. ಆ ಗೋಡೆ ಒಲೆ ಬೇಡ, ಆಚೆ ಸ್ಟೌವಲ್ಲಿಡು."

ಮರುದಿನ ಸಂಜೆ ನಾಲ್ಕೂವರೆಗೆ ಕೊನೆಯ ಬೋಗಿ ಬಂತು. ಅವರು ಡ್ಯೂಟಿಯಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತು ಅದು ಪೂರ್ತಿ ಒಳಗೆ ಬಂದದ್ದನ್ನು ನೋಡಿದರು. ಕೆಂಪು ದೀಪ ಆರಿ ಹಸಿರು ಹತ್ತಿತು.

ಆಮೇಲೆ ನಡೆದದ್ದನ್ನು ಯಾರೂ ನಂಬುವುದಿಲ್ಲ. ಫ್ಯಾನು ರೊಯ್ಯೆಂದು ತಿರುಗಿ ಕೊಂಡಿ ಕಿತ್ತುಕೊಂಡು ಕಿಟಕಿಯಿಂದ ಹೊರಟುಹೋಯಿತು. ಗಡಿಯಾರದ ಮುಳ್ಳುಗಳು ಕಾಣದಷ್ಟು ಜೋರಾಗಿ ತಿರುಗಿದವು. ಕುಕ್ಕರಿನಲ್ಲಿ ಏನೂ ಇಲ್ಲದಿದ್ದರೂ ಹನ್ನೆರಡು ಸಲ ಕೂಗಿತು. ಬೆಕ್ಕು ಮನೆಯ ಐದೂ ಕೋಣೆಯಲ್ಲಿ ಒಟ್ಟಿಗೇ ಕಂಡಿತು. ಪಕ್ಕದ ಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ರುದ್ರಾಣಮ್ಮ ಸೊಸೆಯ ಬಗ್ಗೆ ಬಾಕಿಯಿದ್ದ ಇಡೀ ಕತೆಯನ್ನು ಸೊಸೆಯ ಎದುರಿಗೇ ಒಂದೂವರೆ ನಿಮಿಷದಲ್ಲಿ ಹೇಳಿಬಿಟ್ಟರಂತೆ. ಅಷ್ಟು ಜೋರಿಗೆ ಒಂದಕ್ಷರವೂ ತಿಳಿಯದೆ ಸೊಸೆ ನಕ್ಕಳಂತೆ.

ಅತ್ತೆ ಎದ್ದು ಕೂತರು.

"ಲೋಲಾಕ್ಷಿಕಾಫಿಗೆಷ್ಟುಹೊತ್ತೇ!"

ಲೋಟ ಕೊಟ್ಟೆ, ಖಾಲಿಯಾಗಿ ವಾಪಸ್ ಬಂತು. ಇನ್ನೊಂದು ಕೊಟ್ಟೆ, ಅದೂ ಬಂತು. ನಾನು ಮೂರನೆಯದನ್ನು ಸೋಸುವಷ್ಟರಲ್ಲಿ ಅತ್ತೆ ಸ್ನಾನ ಮಾಡಿ, ತಲೆ ಬಾಚಿ, ಹೊಸ ಸೀರೆ ಉಟ್ಟು, ಹಾಸಿಗೆ ಕೊಡವಿ, ಬಾಡಿದ ಹಾರ ಹಾಸಿಗೆಯಡಿ ಸಿಕ್ಕಿದ್ದಕ್ಕೆ ನನ್ನನ್ನೂ ಕಡೂರಿನವರನ್ನೂ ಬೈದು ಮುಗಿಸಿದ್ದರು. ಬೈದದ್ದು ಮುಖ ನೋಡಿ ಗೊತ್ತಾಯಿತು, ಮಾತು ಗೊತ್ತಾಗಲಿಲ್ಲ. ಕಂಪ್ಯೂಟರಿನ ಮುಂದೆ ಬಂದು ಕೂತು ಮೇಜು ಕುಟ್ಟಿದರು.

ಯಜಮಾನರು ಆಗಲೇ ತಮ್ಮ ಕಾರ್ಡು ಕಿತ್ತು, ಡ್ರೈವನ್ನು ಸಾದಾ ಅಡಾಪ್ಟರಿಗೆ ಸಿಕ್ಕಿಸಿ ಅದೇ ಸ್ಲಾಟಿಗೆ ಹಾಕಿದ್ದರು. ವಿಡಿಯೊ ತೆರೆದರು. ವಾಲಗದವರು ಕೆನ್ನೆ ಉಬ್ಬಿಸಿದರು, ಊದಿದರು, ಮುಂದೆ ಹೋಯಿತು. ಕುಸುಮ ಬಂದಳು. ಅರಿಶಿನದ ಸೀರೆ, ಮೈತುಂಬ ನಾಚಿಕೆ.

ಅತ್ತೆ ಗಡಬಡಿಸಿ ಏನೋ ಅಂದರು, ಕೈ ಬೀಸಿದರು. ನನಗೆ ಅರ್ಥವಾಗಲಿಲ್ಲ. ಮಗನಿಗೆ ಆಯಿತು.

"ಅವಳು ನಿಧಾನ ಕಾಣ್ತಾಳೆ ಅಮ್ಮನಿಗೆ," ಅಂದು ವಿಡಿಯೊದ ವೇಗ ಎರಡರಷ್ಟು ಮಾಡಿದರು. ಅತ್ತೆ ಇನ್ನೂ ಕೈ ಬೀಸಿದರು. ನಾಲ್ಕರಷ್ಟು. ಎಂಟರಷ್ಟು ಮಾಡಿದಾಗ ಅತ್ತೆಯ ಕೈ ನಿಂತಿತು.

ಎಂಟರಷ್ಟು ವೇಗದಲ್ಲಿ ಮದುವೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಪುರೋಹಿತರು ಇಲಿಯ ಹಾಗೆ ಕಿಚಕಿಚ ಅಂದರು. ಅಕ್ಷತೆ ಗುಂಡಿನ ಹಾಗೆ ಹಾರಿತು. ಗಂಡು ತಾಳಿ ಕಟ್ಟಿದ್ದು ನನಗೆ ಕಾಣಲೇ ಇಲ್ಲ. ಊಟದ ಪಂಕ್ತಿ ಕೂತು ಎದ್ದು ಕೂತು ಎದ್ದಿತು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅದರ ಮುಂದೆ ಅತ್ತೆ ಕೂತು, ಸೆರಗಿನ ತುದಿ ಬಾಯಿಗಿಟ್ಟುಕೊಂಡು, ಎಲ್ಲರ ಹಾಗೆ ಮಗಳ ಮದುವೆ ನೋಡುತ್ತಿದ್ದರು. ಅವರೊಬ್ಬರಿಗೆ ಅದು ಸರಿಯಾಗಿ ಕಾಣುತ್ತಿತ್ತು.

ಒಂದು ಕಡೆ ಕುಸುಮ ತಿರುಗಿ ನೇರವಾಗಿ ನೋಡಿ 'ಕಿಚ್' ಅಂತ ಏನೋ ಅಂದಳು. ಅತ್ತೆ ನಕ್ಕರು. ಪರದೆಗೆ ಕೈ ಇಟ್ಟು ಉತ್ತರ ಹೇಳಿದರು. ಅವರ ಮಾತೂ ನಮಗೆ ಬರೀ ಗುಂಯ್ ಅಂತ ಕೇಳಿತು. ಮದುವೆ ಮುಂದೆ ಓಡುತ್ತಲೇ ಇತ್ತು, ಅತ್ತೆ ಮಾತು ನಿಲ್ಲಿಸಲಿಲ್ಲ. ಇಪ್ಪತ್ತೆರಡು ವರ್ಷದ್ದೆಲ್ಲ ಹೇಳಿದರೋ ಏನೋ.

ಇಪ್ಪತ್ತೆರಡೂವರೆ ನಿಮಿಷಕ್ಕೆ ವಿಡಿಯೊ ಮುಗಿಯಿತು. ಅತ್ತೆ ಎದ್ದು, ಮಗನ ತಲೆ ಸವರಿ, ನನ್ನ ಕೆನ್ನೆ ತಟ್ಟಿದರು. ಬಹಳ ಜೋರಾಗಿ ತಟ್ಟಿದರು, ಕೆನ್ನೆ ಎರಡು ದಿನ ಕೆಂಪಗಿತ್ತು. ಮಂಚಕ್ಕೆ ಹೋಗಿ ಮಲಗಿ, ತಾವೇ ಹೊದಿಕೆ ಎಳೆದುಕೊಂಡರು. ಆ ಓಟಕ್ಕೆ ಸೋತ ಹೃದಯ ಹತ್ತು ದಿನ ತಾಳಲಿಲ್ಲ, ನಿಂತಾಗ ಆರು ಗಂಟೆಗೆ ಐದು ನಿಮಿಷ ಇತ್ತು.

ಡಾಕ್ಟರ್ ಚೆನ್ನಕೇಶವ ಈ ಸಲ ಸ್ಕೂಟರ್ ಆರಿಸಿ ಬಂದರು. ಅತ್ತೆಯ ಕೈ ಹಿಡಿದು ಮುಕ್ಕಾಲು ಗಂಟೆ ಕೂತರು. ಮಧ್ಯೆ ಮೂರು ಸಲ, "ಆ ಕಾರ್ಡು ಕಿತ್ತಿದ್ದೀರಿ ತಾನೆ?" ಅಂತ ಕೇಳಿದರು. ತಿಪಟೂರಿನವರು, ಕಡೂರಿನವರು ಹಾರ ಹಿಡಿದು ಗೇಟಿನ ಆಚೆಯೇ ನಿಂತಿದ್ದರು. ಮರಿಯಪ್ಪ ಹೊಸ ಬಿದಿರು ಸೀಳಲು ಒಪ್ಪಲೇ ಇಲ್ಲ. ಹಿತ್ತಲಿಗೆ ಹೋಗಿ, ಚಪ್ಪರಕ್ಕೆ ಹಬ್ಬಿದ್ದ ಅವರೆ ಬಳ್ಳಿಯನ್ನು ಹುಷಾರಾಗಿ ಬಿಡಿಸಿ ನೆಲಕ್ಕೆ ಮಲಗಿಸಿ, ಅದೇ ಬಿದಿರು ತಂದ. ಅದರಲ್ಲಿ ಒಂದೆರಡು ಹೂವು ಹಾಗೇ ಉಳಿದಿದ್ದವು.

ಆಮೇಲೆ ಒಂದು ದಿನ ನಾವಿಬ್ಬರೂ ಆ ವಿಡಿಯೊವನ್ನು ನಮ್ಮ ವೇಗದಲ್ಲಿ ಹಾಕಿಕೊಂಡು ನೋಡಿದೆವು. ಕುಸುಮ ತಿರುಗಿ ನೋಡುವ ಜಾಗ ಬಂತು. "ಅಮ್ಮಾ, ನೀನು ಊಟ ಮಾಡಿದ್ಯಾ?" ಅಂತ ಕೇಳುತ್ತಾಳೆ, ಅಷ್ಟೇ. ಊಟ ಮಾಡಿದ್ಯಾ ಅಂದಿದ್ದಕ್ಕೆ ಅತ್ತೆ ಅಷ್ಟುದ್ದ ಏನು ಉತ್ತರ ಕೊಟ್ಟರೋ ನಮಗೆ ಗೊತ್ತಿಲ್ಲ.

ಅಂಗಡಿಯವನು ಹೇಳಿದ ಹಾಗೆ ಮೊದಲೇ ಸುಮ್ಮನೆ ಹಾಕಿದ್ದರೆ ಎಲ್ಲಾ ಒಂದು ದಿನದಲ್ಲಿ ಬಂದುಬಿಡುತ್ತಿತ್ತಂತೆ. ಇದನ್ನು ಯಜಮಾನರೇ ನನಗೆ ಹೇಳಿದರು, ಹೇಳಿ ಎದ್ದು ಹಿತ್ತಲಿಗೆ ಹೋದರು. ಡ್ರೈವು ಈಗಲೂ ಆ ಹಳೇ ಸ್ಲಾಟಿನಲ್ಲೇ ಇದೆ, ಹಳೇ ಸ್ಲಾಟಿನ ವೇಗದಲ್ಲೇ ಓಡುತ್ತದೆ. ನಮಗೇನೂ ಅವಸರವಿಲ್ಲ.